ಮಂಚದ ಕೆಳಗಿನ ಗುರ್

ಪುಟ್ಟೀ,

ವಿಳಾಸ ಕೊಡದೆ ಹೋದವಳು ನೀನು, ಇದನ್ನು ಎಲ್ಲಿಗೆಂದು ಕಳಿಸಲಿ? ಆದರೂ ಹೇಳುತ್ತೇನೆ. ನೀನು ಬಿಟ್ಟುಹೋದ ನಾಯಿ ಇವತ್ತು ನನ್ನ ಬಿಪಿ ಮಾತ್ರೆಯ ಇಡೀ ಪಟ್ಟಿಯನ್ನು ಕಚ್ಚಿಕೊಂಡು ಮಂಚದ ಕೆಳಗೆ ಸೇರಿತು. "ತಾ ಇಲ್ಲಿ!" ಎಂದು ಕೈ ಚಾಚಿದೆ. ಮೈ ಬಿಗಿಮಾಡಿಕೊಂಡು ಗುರ್ ಎಂದಿತು. "ಅನ್ನ ಹಾಕಿದವಳಿಗೇ ಗುರ್ ಅಂತೀಯಾ?" ಎಂದು ಪೊರಕೆ ಎತ್ತಿದೆ. ಪಟ್ಟಿ ಅದರ ಹಲ್ಲಿನ ನಡುವೆ ಕರಕರ ಎಂದಿತು.

ನಾಯಿಯ ಡಾಕ್ಟರಮ್ಮನಿಗೆ ಫೋನ್ ಮಾಡಿದೆ.

"ಮೊದಲು ಪೊರಕೆ ಕೆಳಗಿಡಿ, ಅಮ್ಮಾ. ಕಸಿದುಕೊಳ್ಳೋಕೆ ಹೋದ್ರೆ ನುಂಗಿಬಿಡುತ್ತೆ. ಅದಕ್ಕಿಂತ ರುಚಿಯಾದದ್ದನ್ನ ದೂರ ಎಸೀರಿ. ಗುರ್ ಅಂದಿದ್ದಕ್ಕೆ ಮಾತ್ರ ಹೊಡೀಬೇಡಿ. ಹೆದರಿಕೊಂಡು ಎಚ್ಚರಿಕೆ ಕೊಡ್ತಿದೆ, ಅಷ್ಟೇ. ಆ ಸದ್ದು ಅಡಗಿಸಿದ್ರೆ, ಇನ್ನೊಂದು ಸಲ ಹೇಳದೆ ಕೇಳದೆ ಕಚ್ಚುತ್ತೆ."

ಬೇಯಿಸಿದ ಮೊಟ್ಟೆಯ ಚೂರುಗಳನ್ನು ಎಸೆದೆ. ಮೊದಲು ಮಂಚದ ಅಂಚಿಗೆ, ಆಮೇಲೆ ಹೊಸ್ತಿಲಿಗೆ, ಆಮೇಲೆ ಹಜಾರಕ್ಕೆ. ಅದು ಮೊಟ್ಟೆಯನ್ನು ನೋಡಿತು, ನನ್ನನ್ನು ನೋಡಿತು. ನಾನು ಗೋಡೆ ನೋಡುತ್ತ ನಿಂತೆ. ಕೊನೆಗೂ ಪಟ್ಟಿ ಬಿಟ್ಟು ಹಜಾರಕ್ಕೆ ಹೋಯಿತು. ಬಾಗಿಲು ಹಾಕಿ ಪಟ್ಟಿ ಎತ್ತಿಕೊಂಡೆ. ಒಂದು ಮಾತ್ರೆಯೂ ಹೋಗಿರಲಿಲ್ಲ.

ಈಗ ಅದು ನನ್ನ ಕಾಲ ಬಳಿ ನಿಶ್ಚಿಂತೆಯಿಂದ ಮಲಗಿದೆ. ನನಗೆ ಮಾತ್ರ ಡಾಕ್ಟರಮ್ಮನ ಮಾತು ತಲೆಯಿಂದ ಹೋಗುತ್ತಿಲ್ಲ. ಮನೆ ಬಿಡುವ ಮುಂಚಿನ ತಿಂಗಳುಗಳಲ್ಲಿ, ನಾನೇನು ಅಂದರೂ ನೀನು "ಆಯ್ತಮ್ಮ" ಅನ್ನುತ್ತಿದ್ದೆ. ಒಮ್ಮೆಯೂ ಎದುರಾಡಲಿಲ್ಲ.

"ಅಂತೂ ನನ್ನ ಮಗಳಿಗೆ ಬುದ್ಧಿ ಬಂತು" ಎಂದು ಪಕ್ಕದ ಮನೆಯವರ ಹತ್ತಿರ ಜಂಬ ಕೊಚ್ಚಿಕೊಂಡಿದ್ದೆ.