ವಿಡಿಯೋ ನೋಡಿ ಕಲಿತೆ ಎಂದೆ

ಅಮ್ಮ,

ನೀನಿದ್ದಾಗ ಹಾಸ್ಟೆಲ್ಲಿನಿಂದ ಒಂದು ಸಾಲೂ ಬರೆಯದವಳು, ನೀನು ಹೋಗಿ ವರ್ಷವಾದ ಮೇಲೆ ಬರೆಯುತ್ತಿದ್ದೇನೆ. ಕ್ಷಮಿಸು.

ಇವತ್ತು ಲ್ಯಾಬಿನಲ್ಲಿ ಸರ್ಕ್ಯೂಟ್ ಬೋರ್ಡಿನ ಮೇಲಿದ್ದ ಸುಟ್ಟ ರೆಸಿಸ್ಟರ್ ತೆಗೆದು ಹೊಸದನ್ನು ಕೂರಿಸಬೇಕಿತ್ತು. ಸಾಸಿವೆಗಿಂತ ಚಿಕ್ಕದು. ಹಲವರದು ಚಿಮಟದಿಂದ ಹಾರಿಹೋಗಿ, ಅರ್ಧ ಕ್ಲಾಸು ನೆಲದ ಮೇಲೆ ಮಂಡಿಯೂರಿ ಹುಡುಕುತ್ತಿತ್ತು. ನಾನು ಮಾತ್ರ ಫ್ಯಾಕ್ಟರಿಯಲ್ಲಿ ನೀನು ಹದಿನೈದು ವರ್ಷ ಮಾಡಿದ, ಮನೆಯಲ್ಲಿ ನನಗೂ ತೋರಿಸಿಕೊಟ್ಟ ಹಾಗೆಯೇ ಮಾಡಿದೆ. ಮೊದಲು ಒಂದೇ ಬದಿಗೆ ಬೆಸುಗೆಯ ಸೋಲ್ಡರ್ ಹಾಕಿ, ಅದನ್ನು ಕರಗಿಸುತ್ತ, ಉಸಿರು ಬಿಗಿಹಿಡಿದು ರೆಸಿಸ್ಟರನ್ನು ಪಕ್ಕದಿಂದ ಜಾರಿಸಿದೆ. ಆಮೇಲೆ ಇನ್ನೊಂದು ಬದಿ.

ಲ್ಯಾಬ್ ಸರ್ ಲೆನ್ಸ್ ಹಿಡಿದು ನೋಡಿದರು. "ಏನಮ್ಮ, ಹೊಟ್ಟೇಲೇ ಕಲ್ತು ಬಂದ್ಯಾ? ಯಾರು ಹೇಳ್ಕೊಟ್ಟಿದ್ದು?"

"ವಿಡಿಯೋ ನೋಡಿ ಕಲಿತೆ ಸರ್."

"ಉಸಿರು ಹಿಡಿಯೋದನ್ನೂ ವಿಡಿಯೋದಲ್ಲಿ ಹೇಳ್ಕೊಡ್ತಾರಾ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಯಾರೂ ಬಲವಂತ ಮಾಡಿರಲಿಲ್ಲ ಅಮ್ಮ, ಸುಳ್ಳು ತಾನಾಗಿ ಬಾಯಿಗೆ ಬಂತು. ನೀನು ಹಾಸ್ಟೆಲ್ಲಿಗೆ ವಿಸಿಟಿಂಗ್ ಡೇಗೆ ಬಂದಾಗ, ಕೆಲಸದಲ್ಲಿ ಸುಟ್ಟ ನಿನ್ನ ಬೆರಳುಗಳು ಫ್ರೆಂಡ್ಸಿಗೆ ಕಾಣದ ಹಾಗೆ ಕೈ ಬ್ಯಾಗಿನ ಹಿಂದೆ ಇಟ್ಟುಕೋ ಎಂದಿದ್ದೆನಲ್ಲ, ಅಷ್ಟೇ ಸಲೀಸಾಗಿ. ನೀನು ಯಾಕೆ ಎಂದೂ ಕೇಳದೆ ಇಟ್ಟುಕೊಂಡಿದ್ದೆ.

ನಾಳೆ ಇಡೀ ಕ್ಲಾಸಿಗೆ ನಾನೇ ಮಾಡಿ ತೋರಿಸಬೇಕಂತೆ. ಯಾರಿಂದ ಕಲಿತದ್ದು ಎಂದು ಮೊದಲೇ ಹೇಳಿಬಿಡಬೇಕು ಅಂದುಕೊಂಡಿದ್ದೇನೆ. ಆದರೆ ನಿನ್ನ ಹೆಸರೆತ್ತಲು ನನಗೆ ಮುಖವಿದೆಯಾ?

ಕ್ಲಾಸು ಒಂಬತ್ತಕ್ಕೆ. ಅಷ್ಟರೊಳಗೆ ಉತ್ತರ ಬರೆ.