ನಗದವರನ್ನು ಕೆಳಗಿಳಿಸು

ಪುಟ್ಟಿ,

ನೀನು ಹಿಮದ ಬೆಟ್ಟಕ್ಕೆ ಹೊರಡುವ ಹೊತ್ತಿಗೆ ನಾನು ಕಣ್ಣಿನ ಡಾಕ್ಟರ ಬಾಗಿಲಲ್ಲಿ ಕೂತಿರುತ್ತೇನೆ. ಅದಕ್ಕೇ ಬರೆದಿಟ್ಟಿದ್ದೇನೆ.

ಒಂದೇ ಉಸಿರಿಗೆ ಹತ್ತಬೇಡ. ಹಗಲು ಎಷ್ಟು ಮೇಲೆ ಹೋದರೂ ಮಲಗೋಕೆ ಸ್ವಲ್ಪ ಕೆಳಗಿಳಿ. ಬಾಯಾರದಿದ್ದರೂ ನೀರು ಕುಡಿ. ತಲೆ ಸಿಡಿದರೆ ಮಾತ್ರೆ ನುಂಗಿ, ಮುಚ್ಚಿಟ್ಟುಕೊಂಡು ಮುಂದೆ ಹೋಗಬೇಡ. ಅಲ್ಲೇ ನಿಲ್ಲು. ಬಿಡದಿದ್ದರೆ ಇಳಿ.

ನಾನು ಅಲ್ಲಿ ಹತ್ತುವವರ ಸಾಮಾನು ಹೊತ್ತ ಹೇಸರಗತ್ತೆ ಹೊಡೆಯುತ್ತಿದ್ದಾಗ ತಿರುವಿಗೊಂದು ತಮಾಷೆ ಹೇಳುತ್ತಿದ್ದೆವು. ಎತ್ತರದಲ್ಲಿ ಮೈ ಕೆಟ್ಟವರಿಗೆ ಮೊದಲು ನಗು ನಿಲ್ಲುತ್ತದೆ. ಯಾರು ನಗಲಿಲ್ಲವೋ ಅವರನ್ನು ಅಲ್ಲಿಂದಲೇ ಕೆಳಗಿಳಿಸುತ್ತಿದ್ದೆವು. ನೀವೂ ಹಾಗೇ ಮಾಡಿ. ತಮಾಷೆ ಮಾತ್ರ ನೀನು ಹೇಳಬೇಡ ತಾಯಿ, ಗುಂಪಿಗೆ ಗುಂಪೇ ಇಳಿಯಬೇಕಾದೀತು.

ಅರ್ಧಕ್ಕೇ ವಾಪಸ್ ಬಂದರೆ ನಿಮ್ಮಪ್ಪ ಆಡಿಕೊಳ್ಳುತ್ತಾನೆ ಅಂತ ಹೆದರಬೇಡ. ನಿನ್ನ ವಯಸ್ಸಿನಲ್ಲಿ ನನ್ನ ಜೊತೆ ಹತ್ತುವಾಗ ಅವನೂ ತಲೆನೋವು ಮುಚ್ಚಿಟ್ಟಿದ್ದ. "ಏನಾಗಿಲ್ಲಪ್ಪ, ನಡಿ ನೀನು" ಅಂದವನು ಹತ್ತು ಹೆಜ್ಜೆಗೆ ದೊಪ್ಪನೆ ಬಿದ್ದ. ಮೂಟೆ ಹಾಗೆ ಹೇಸರಗತ್ತೆ ಮೇಲೆ ಅಡ್ಡಡ್ಡ ಕಟ್ಟಿ ಇಳಿಸಿದೆ. ದಾರಿಯುದ್ದಕ್ಕೂ ಉಸಿರಿದೆಯಾ ಅಂತ ಮೂಗಿನ ಹತ್ತಿರ ಕೈ ಹಿಡಿದುಕೊಂಡೇ ನಡೆದೆ. ಆ ನಡಿಗೆ ಇನ್ನೊಮ್ಮೆ ನನ್ನಿಂದ ಆಗದು.

ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ. ಅವನೇನಾದರೂ ನಕ್ಕರೆ ಈ ಚೀಟಿಯನ್ನು ಊಟಕ್ಕೆ ಕೂತಾಗ ಎಲ್ಲರಿಗೂ ಕೇಳುವ ಹಾಗೆ ಓದು.

ಅಜ್ಜ