ಅಕ್ಕನ ಎಣ್ಣೆಗೈ ಗುರುತು

ಹೆಮ್ಮಿಗೆಯಲ್ಲಿರುವ ನನ್ನ ಅಕ್ಕ ಪುಟ್ಟಮಾದಮ್ಮನಿಗೆ, ನಂಜನಗೂಡಿನಿಂದ ತಮ್ಮ ರಾಜೇಂದ್ರ ಬರೆಯುವುದು.

ನಿನಗೆ ಓದಲು ಬರುವುದಿಲ್ಲ. ಇದನ್ನು ನಿನ್ನ ಸೊಸೆ ಇಂದ್ರಾಣಿಯೇ ಓದಿ ಹೇಳಬೇಕು. ಹೋದ ತಿಂಗಳು ಫೋನ್ ಒರೆಸುವ ಬಟ್ಟೆಗಳ ಬಗ್ಗೆ ನಾನು ಬರೆದದ್ದನ್ನು ಓದಿ ಹೇಳಿದವಳೂ ಅವಳೇ. ಪತ್ರಿಕೆಯಲ್ಲಿ ಆ ಲೇಖನ ಬಂದ ಪುಟದಲ್ಲೇ, ಅದೇ ಜಾಗದಲ್ಲೇ ಇದೂ ಬರುತ್ತಿದೆ. ಆವತ್ತು ನಿನ್ನ ಜಗುಲಿಯ ಮೇಲೆ ಕೂತು ಕೇಳಿದವರೆಲ್ಲ ಇವತ್ತೂ ಕೇಳಲಿ ಎಂಬುದು ನನ್ನ ಆಸೆ.

ನಾನು ವಿಮಾ ಕಚೇರಿಯ ನೌಕರ. ವಾರಕ್ಕೊಮ್ಮೆ ಈ ಪತ್ರಿಕೆಗೆ ಮನೆಬಳಕೆಯ ವಸ್ತುಗಳನ್ನು ಪರೀಕ್ಷಿಸಿ ಬರೆಯುತ್ತೇನೆ. ಕುಕ್ಕರಿನ ಗ್ಯಾಸ್ಕೆಟ್, ಸೊಳ್ಳೆ ಬತ್ತಿ, ನೀರಿನ ಫಿಲ್ಟರ್, ಹೀಗೆ. ಕೇಳಿದ್ದನ್ನು ಬರೆಯುವುದಿಲ್ಲ, ಮಾಡಿ ನೋಡಿದ್ದನ್ನು ಮಾತ್ರ ಬರೆಯುತ್ತೇನೆ ಎಂಬ ಜಂಬ ನನಗಿದೆ. ಫೋನ್ ಒರೆಸಲೆಂದೇ ಈಗ ಚಂದದ ಡಬ್ಬಿಯಲ್ಲಿ ಒಂದು ಬಟ್ಟೆ ಬರುತ್ತದೆ. ಕರವಸ್ತ್ರಕ್ಕಿಂತ ಚಿಕ್ಕದು, ಅದಕ್ಕೆ ಕೊಡುವ ದುಡ್ಡಿನಲ್ಲಿ ಒಂದು ಒಳ್ಳೆಯ ಕಾಟನ್ ಸೀರೆ ಬರುತ್ತದೆ. ಅದು ನಿಜಕ್ಕೂ ಬೇಕೇ, ಕನ್ನಡಕದ ಅಂಗಡಿಯಲ್ಲಿ ಸುಮ್ಮನೆ ಕೊಡುವ ಬಟ್ಟೆ ಸಾಲದೇ ಎಂದು ನೋಡಲು ಹೊರಟಿದ್ದೆ.

ಆಗ ನೀನು ನಮ್ಮ ಮನೆಯಲ್ಲಿದ್ದೆ. ನನ್ನ ಬಸುರಿ ಮಗಳು ಕೋಮಲಳಿಗೆ ಏಳು ತಿಂಗಳು ತುಂಬಿತ್ತು. ನೀನು ಹರಳು ಬೀಜ ಹುರಿದು, ಕುಟ್ಟಿ, ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ಬಾಟಲಿಗೆ ತುಂಬಿಕೊಂಡು ನರಸೀಪುರಕ್ಕೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಬಂದಿದ್ದೆ. ಅರ್ಧ ಎಣ್ಣೆ ಅವಳ ಬಾತ ಕಾಲಿಗೆ, ಉಳಿದದ್ದು ಹುಟ್ಟುವ ಕೂಸಿಗೆ. ನೀನು ನಡುಮನೆಯಲ್ಲಿ ಕೂತು ನನ್ನ ಮಗಳ ಪಾದ ತಿಕ್ಕುತ್ತಿದ್ದಾಗ ನಾನು ಫೋನ್ ಹಿಡಿದು ಬಂದು, ಅದರ ಗಾಜಿನ ಮೇಲೆ ಬೆರಳೊತ್ತು ಎಂದೆ. ನನ್ನ ಬೆರಳಿನ ಗುರುತು, ಕೋಮಲಳ ಗುರುತು ಆಗಲೇ ಆಗಿದ್ದವು. ಸುಲಭಕ್ಕೆ ಹೋಗದ ಗುರುತು ಬೇಕಾಗಿತ್ತು.

"ಏನ್ಲಾ ಇದು, ನನ್ ಕೈಗೂ ಪರೀಕ್ಸೆನಾ? ಒತ್ತುದ್ರೆ ಏನ್ ಕೊಟ್ಟೀಯ?" ಎಂದೆ ನೀನು.

"ಪೇಪರಲ್ಲಿ ಬರ್ತದೆ ಅಕ್ಕ."

"ನನ್ ಎಸ್ರಾ?"

"ನಿನ್ ಕೈ."

"ಅಂಗಾರೆ ಇರು, ಬಳೆ ಹಾಕ್ಕಬತ್ತೀನಿ. ಬರಿಗೈ ಪೋಟಾ ತಗೀಬ್ಯಾಡ" ಎಂದು ಎದ್ದು ಹೋಗಿ, ಚೀಲದಿಂದ ಹಸಿರು ಬಳೆ ತೆಗೆದು ತೊಟ್ಟು ಬಂದೆ. ಫೋಟೊ ತೆಗೆಯುವುದು ನಿನ್ನ ಕೈಯನ್ನಲ್ಲ, ಗಾಜಿನ ಮೇಲಿನ ಕಲೆಯನ್ನು ಎಂದು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ನೀನು ಬೆರಳೊತ್ತಿದೆ, ನಾನು ಒರೆಸಿದೆ. ಮತ್ತೆ ಒತ್ತು ಎಂದೆ, ಮತ್ತೆ ಒರೆಸಿದೆ. ಒಂದೊಂದು ಬಟ್ಟೆಗೆ ಒಂದೊಂದು ಸಲ. ನೀನು ನಗುತ್ತಿದ್ದೆ. ಸ್ವಲ್ಪ ಹೊತ್ತಾದ ಮೇಲೆ ನಿನ್ನ ನಗು ನಿಂತಿತ್ತು ಎಂದು ಕೋಮಲ ಈಗ ಹೇಳುತ್ತಾಳೆ. ನಾನು ಗಾಜು ನೋಡುತ್ತಿದ್ದೆ, ನಿನ್ನ ಮುಖ ನೋಡಲಿಲ್ಲ.

ಪರೀಕ್ಷೆಯಲ್ಲಿ ಕಂಡದ್ದು ಸರಿಯಾಗಿಯೇ ಇತ್ತು. ಕೇಳುವವರಿಗೆ ಉಪಯೋಗವಾಗಲಿ ಎಂದು ಅದನ್ನು ಇನ್ನೊಮ್ಮೆ ಬರೆಯುತ್ತೇನೆ. ದುಬಾರಿ ಬಟ್ಟೆಗೂ ಕನ್ನಡಕದ ಅಂಗಡಿಯ ಬಟ್ಟೆಗೂ ಕಣ್ಣಿಗೆ ಕಾಣುವ ವ್ಯತ್ಯಾಸ ಇರಲಿಲ್ಲ. ಮೊದಲು ಫೋನ್ ಆಫ್ ಮಾಡಬೇಕು, ಕವರ್ ತೆಗೆಯಬೇಕು. ಧೂಳನ್ನು ಒತ್ತಿ ಉಜ್ಜದೆ ಹಗುರವಾಗಿ ಝಾಡಿಸಬೇಕು, ಗೀರು ಬೀಳುವುದು ಬಟ್ಟೆಯಿಂದಲ್ಲ, ಬಟ್ಟೆಗೂ ಗಾಜಿಗೂ ನಡುವೆ ಸಿಕ್ಕಿದ ಮರಳಿನ ಕಣದಿಂದ. ಎಣ್ಣೆ ಕಲೆಯಾದರೆ ಬಟ್ಟೆಯ ತುದಿಯನ್ನು ನೀರಿನಲ್ಲಿ ನೆನೆಸಿ ಚೆನ್ನಾಗಿ ಹಿಂಡಿ ಒರೆಸಬೇಕು. ಫೋನಿನ ಮೇಲೆ ನೇರವಾಗಿ ನೀರು ಚಿಮುಕಿಸಬಾರದು. ಕಿಟಕಿ ಗಾಜು ಒರೆಸುವ ದ್ರವ ಬೇಡ, ಬೆಳ್ಳಿ ಬೆಳಗುವಂತೆ ವಿಭೂತಿ ಹಾಕಿ ಉಜ್ಜುವುದಂತೂ ಬೇಡವೇ ಬೇಡ. ಬೆರಳಿನ ಜಿಡ್ಡು ಅಂಟದಿರಲಿ ಎಂದು ಗಾಜಿನ ಮೇಲೆ ತೆಳುವಾದ ಲೇಪವಿರುತ್ತದೆ, ಇವುಗಳಿಂದ ಅದು ಸವೆಯುತ್ತದೆ. ಬಟ್ಟೆಯನ್ನು ಆಗಾಗ ಒಗೆದು ಒಣಗಿಸಿದರೆ ಸಾಕು, ಹೊಸದು ಕೊಳ್ಳಬೇಕಾಗಿಲ್ಲ.

ಇಷ್ಟಕ್ಕೆ ನಿಲ್ಲಿಸಿದ್ದರೆ ನಾನು ಇವತ್ತು ಈ ಕಾಗದ ಬರೆಯಬೇಕಾಗಿರಲಿಲ್ಲ.

ಲೇಖನದಲ್ಲಿ ನಾನು ಬರೆದದ್ದು ಹೀಗಿತ್ತು: "ಅತ್ಯಂತ ಕೊಳಕು ಗುರುತು ಬಿದ್ದದ್ದು ಹಳ್ಳಿಯಿಂದ ಬಂದಿದ್ದ ವೃದ್ಧೆಯೊಬ್ಬರ ಒರಟು ಎಣ್ಣೆಗೈಯಿಂದ." ಪುಟಕ್ಕೆ ಇನ್ನೆರಡು ಸಾಲು ಬೇಕು ಎಂದು ಪತ್ರಿಕೆಯಿಂದ ಫೋನ್ ಬಂದಾಗ ಇನ್ನೊಂದು ವಾಕ್ಯ ಸೇರಿಸಿದೆ: "ಇಂಥ ಕೈಗಳಿಗೆ ಫೋನ್ ಕೊಡದಿರುವುದೇ ಎಲ್ಲ ಬಟ್ಟೆಗಳಿಗಿಂತ ಅಗ್ಗದ ರಕ್ಷಣೆ." ಓದುಗರು ನಗುತ್ತಾರೆ ಎಂದುಕೊಂಡೆ. ನಕ್ಕರು ಕೂಡ. ಕಚೇರಿಯಲ್ಲಿ ಇಬ್ಬರು ಮೇಜಿನ ಹತ್ತಿರ ಬಂದು ಕೈಕುಲುಕಿದರು.

ಮೊದಲು ಬರೆದಾಗ "ನನ್ನ ಅಕ್ಕ" ಎಂದೇ ಇತ್ತು, ಅಕ್ಕ. ಆಮೇಲೆ ಅದನ್ನು ಹೊಡೆದುಹಾಕಿ "ವೃದ್ಧೆಯೊಬ್ಬರು" ಎಂದು ಮಾಡಿದೆ. ನಿನ್ನ ಮರ್ಯಾದೆ ಉಳಿಸಲಿಕ್ಕೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಆ ಕೈ ನನ್ನ ಅಕ್ಕನದು ಎಂದು ಕೈಕುಲುಕಿದವರಿಗೆ ಗೊತ್ತಾಗುವುದು ನನಗೆ ಬೇಕಿರಲಿಲ್ಲ. ಹೇಗಿದ್ದರೂ ನೀನು ಓದುವುದಿಲ್ಲವಲ್ಲ ಎಂದೂ ಅಂದುಕೊಂಡೆ.

ನೀನು ಊರಿಗೆ ಹೋಗಿ ನನ್ನ ಕೈ ಪೇಪರಿನಲ್ಲಿ ಬರುತ್ತದೆ ಎಂದು ಬೀದಿಗೆಲ್ಲ ಹೇಳಿದ್ದೆಯಂತೆ. ನರಸೀಪುರಕ್ಕೆ ಹೋಗುವವರ ಕೈಲಿ ದುಡ್ಡು ಕೊಟ್ಟು ಪತ್ರಿಕೆ ತರಿಸಿದೆಯಂತೆ. ಅಕ್ಕಪಕ್ಕದವರನ್ನು ಕರೆದು ಜಗುಲಿಯಲ್ಲಿ ಕೂರಿಸಿ ಕಾಫಿ ಕೊಟ್ಟು, ಓದವ್ವ ಎಂದು ಇಂದ್ರಾಣಿಗೆ ಹೇಳಿದೆಯಂತೆ. ಅವಳು ಮೊದಲು ಮನಸ್ಸಿನಲ್ಲೇ ಓದಿ, ಆ ಎರಡು ವಾಕ್ಯ ಬಿಟ್ಟು ಮುಂದೆ ಹೋದಳು. "ನಿಮ್ಮತ್ತೆ ಕೈ ಎಲ್ಲೈತೆ? ಅದ್ನ ಓದು ಮತ್ತೆ" ಎಂದು ಪಕ್ಕದ ಮನೆ ರುದ್ರಮ್ಮ ಹಟ ಹಿಡಿದಳು. ಬೇರೆ ದಾರಿ ಇಲ್ಲದೆ ಇಂದ್ರಾಣಿ ಓದಿದಳು.

"ಏನಮ್ಮಿ ಪುಟ್ಟಮಾದಿ, ಬಳೆ ತೊಟ್ಟಿದ್ದೂ ಕಾಣಾಕಿಲ್ವಲ್ಲ, ಬರೀ ಕೊಳ್ಕೇ ಬಂದದೆ" ಎಂದು ರುದ್ರಮ್ಮ ನಗಾಡಿದಳಂತೆ. ನೀನೂ ಅವರ ಜೊತೆ ನಕ್ಕೆಯಂತೆ. ಎಲ್ಲರೂ ಎದ್ದು ಹೋದ ಮೇಲೆ ಲೋಟ ತೊಳೆಯುತ್ತಾ ನೀನು ಇಂದ್ರಾಣಿಗೆ ಒಂದು ಮಾತು ಹೇಳಿದೆ. ಅದನ್ನು ಅವಳು ನನಗೆ ಫೋನಿನಲ್ಲಿ ಹಾಗೆಯೇ ಹೇಳಿದಳು.

"ಮುಟ್ಟಿದ್ ಮ್ಯಾಲೆ ಒರೆಸ್ತಿದ್ರು ಕಣವ್ವ, ನಮ್ಮಪ್ಪನ್ ಕಾಲ್ದಲ್ಲಿ. ಈಗ ನನ್ ತಮ್ಮನೇ ಒರೆಸ್ದ."

ಅಪ್ಪ ಕೂಲಿ ಕೇಳಲು ಹೋಗಿ ಕೂತೆದ್ದ ಜಾಗಕ್ಕೆ ನೀರು ಚಿಮುಕಿಸುತ್ತಿದ್ದ ಮನೆಗಳು ಯಾವುವು ಎಂದು ನಿನಗೆ ಗೊತ್ತು. ನಿನ್ನ ಬಾಯಿಂದ ಕೇಳಿಯೇ ನನಗೂ ಗೊತ್ತು. ನಾನು ಹುಟ್ಟಿದ ಮೇಲೆ ಅವ್ವ ಬದುಕಲಿಲ್ಲ. ನನಗೆ ನೀರು ಹುಯ್ದವಳು, ಉಣ್ಣಿಸಿದವಳು, ಸ್ಲೇಟು ಕೊಡಿಸಿ ಶಾಲೆಗೆ ಕಳಿಸಿ ತಾನು ಗದ್ದೆಗೆ ಹೋದವಳು ನೀನು. ನಾನು ಬರೆಯುವುದನ್ನು ಕಲಿತದ್ದು ಇಂಥದ್ದನ್ನು ಬರೆಯುವುದಕ್ಕೆ ಆಯಿತು.

ಇಂದ್ರಾಣಿ ಫೋನ್ ಮಾಡಿದ ಮಾರನೆಯ ದಿನವೇ ತಿದ್ದುಪಡಿ ಹಾಕಿ ಎಂದು ಪುಟ ನೋಡಿಕೊಳ್ಳುವ ಸುಪ್ರೀತ್ ಅವರನ್ನು ಕೇಳಿದೆ. ಅವರು ಲೇಖನವನ್ನು ಎರಡು ಸಲ ಓದಿ, "ಇದ್ರಲ್ಲಿ ತಪ್ಪೆಲ್ಲಿದೆ ಸಾರ್? ಅಂಕಿಅಂಶ ತಪ್ಪಿದ್ರೆ ತಿದ್ದುಪಡಿ ಹಾಕ್ಬಹುದು. ಎಲ್ಲಾ ಸರಿಯಾಗೇ ಇದೆಯಲ್ಲ" ಎಂದರು. ನಿಜ ಬರೆದರೆ ಸಾಕು, ಯಾರಿಗೂ ತಲೆ ತಗ್ಗಿಸಬೇಕಾಗಿಲ್ಲ ಎಂದು ಇಷ್ಟು ವರ್ಷ ನಂಬಿದ್ದವನು ನಾನು. ಆ ಕೈಯಲ್ಲಿದ್ದದ್ದು ಎಣ್ಣೆ ಎಂಬುದು ನಿಜ. ಅದು ಯಾರಿಗಾಗಿ ತೆಗೆದ ಎಣ್ಣೆ ಎಂಬುದೂ ನಿಜವೇ, ಅದನ್ನು ನಾನು ಬರೆಯಲಿಲ್ಲ.

ಆಮೇಲೆ ನಿನಗೆ ಫೋನ್ ಮಾಡುತ್ತಲೇ ಇದ್ದೇನೆ. "ಮಾವ, ಅತ್ತೆ ಫೋನ್ ಮುಟ್ಟಾಕಿಲ್ಲ ಅಂತಾವ್ರೆ" ಎನ್ನುತ್ತಾಳೆ ಇಂದ್ರಾಣಿ. ಸ್ಪೀಕರ್ ಹಾಕಿ ಹತ್ತಿರ ಹಿಡಿದರೂ ನೀನು ಎದ್ದು ಹಿತ್ತಿಲಿಗೆ ಹೋಗುತ್ತೀಯಂತೆ. ಕೋಮಲಳ ಬಾಣಂತನಕ್ಕೆ ಯಾವಾಗ ಬರುತ್ತೀಯ ಎಂದು ಇಂದ್ರಾಣಿಯ ಕೈಲಿ ಕೇಳಿಸಿದ್ದಕ್ಕೆ, "ಕೂಸ್ಗೆ ನೀರುಯ್ಯಾಕೆ ನಂಜನಗೂಡಲ್ಲಿ ಕಿಲೀನ್ ಕೈನವ್ರು ಸಿಗ್ತಾರಂತೇಳು. ನಾ ಬರಾಕಿಲ್ಲ" ಎಂದು ಹೇಳಿ ಕಳಿಸಿದೆ. ನಮ್ಮ ಮನೆತನದಲ್ಲಿ ನೀನು ನೀರು ಹುಯ್ಯದ ಕೂಸಿಲ್ಲ. ಕೋಮಲಳಿಗೂ ಮೊದಲ ನೀರು ನಿನ್ನದೇ.

ಅವಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಬಿಡುವ ಮುಂಚೆ ಹೇಳಿದ್ದು ಇಷ್ಟು: "ಅತ್ತೆ ಬರ್ದಿದ್ರೆ ನನ್ ಮಗೂಗೆ ಎಣ್ಣೆ ಯಾರ್ ತಿಕ್ತಾರೆ? ನೀವ್ ತಿಕ್ತೀರಾ ಅಪ್ಪ, ಪೇಪರ್ ನೋಡ್ಕೊಂಡು?"

ಈ ಕಾಗದವನ್ನು ಪತ್ರಿಕೆಯಲ್ಲಿ ಹಾಕಬಹುದೇ ಎಂದು ಮೊನ್ನೆ ಇಂದ್ರಾಣಿಯ ಕೈಲಿ ನಿನ್ನನ್ನು ಕೇಳಿಸಿದೆ. ನೀನು "ಈ ಸಲಾನಾದ್ರೂ ಎಸ್ರು ಆಕ್ಲಿ" ಎಂದೆಯಂತೆ. ಹಾಕಿದ್ದೇನೆ. ಆ ಕೈ ಹೆಮ್ಮಿಗೆಯ ಪುಟ್ಟಮಾದಮ್ಮನದು. ಆಕೆ ನನ್ನ ಅಕ್ಕ.

ಈಗ ನಿನ್ನ ಒಪ್ಪಿಗೆ ಕೇಳಬೇಕಾದ ವಿಷಯಕ್ಕೆ ಬರುತ್ತೇನೆ. ನಮ್ಮ ಮನೆಗೆ ಬಾ ಎಂದು ನಾನು ಕರೆಯುವುದಿಲ್ಲ, ಆ ಬಾಯಿ ನನಗಿಲ್ಲ. ಹೆರಿಗೆ ಇಲ್ಲಿ ಆಗುತ್ತದೆ. ಆಸ್ಪತ್ರೆಯಿಂದ ಬಿಟ್ಟ ಕೂಡಲೇ ಮಗುವನ್ನು ಎತ್ತಿಕೊಂಡು ನೇರವಾಗಿ ಹೆಮ್ಮಿಗೆಗೆ ಬರುವುದೆಂದು, ಬಾಣಂತನ ನಿನ್ನ ಮನೆಯಲ್ಲೇ ಆಗಬೇಕೆಂದು ಕೋಮಲ ತೀರ್ಮಾನಿಸಿದ್ದಾಳೆ. ಅಳಿಯಂದಿರೂ ಒಪ್ಪಿದ್ದಾರೆ. ನನ್ನ ಹೆಂಡತಿ ಅವಳ ಜೊತೆ ಇರುತ್ತಾಳೆ. ನಿನಗೆ ಒಪ್ಪಿಗೆಯಿದ್ದರೆ ಇಂದ್ರಾಣಿಯ ಕೈಲಿ ಒಂದು ಮಾತು ಹೇಳಿಸು.

ನಾನು ಅವರ ಜೊತೆ ಬರುವುದಿಲ್ಲ. ಬಂದು ನಿನ್ನ ಬಾಗಿಲಲ್ಲಿ ನಿಂತರೆ "ಒಳೀಕ್ ಬಾರ್ಲಾ, ಬಿಸ್ಲಲ್ಲಿ ಯಾಕ್ ನಿಂತೀಯ" ಎಂದು ನೀನು ಅಂದೇ ಅನ್ನುತ್ತೀಯ. ಸಿಟ್ಟಿದ್ದರೂ ಅನ್ನುತ್ತೀಯ, ಅನ್ನದೆ ನಿನ್ನಿಂದ ಆಗುವುದಿಲ್ಲ. ಅದು ಗೊತ್ತಿದ್ದೇ ಬಂದು ನಿಂತರೆ ಆವತ್ತು ನಿನ್ನ ಕೈಯನ್ನು ಬಳಸಿಕೊಂಡಂತೆ ಈಗ ನಿನ್ನ ಒಳ್ಳೆಯತನವನ್ನೂ ನನ್ನ ಕೆಲಸಕ್ಕೆ ಬಳಸಿಕೊಂಡ ಹಾಗಾಗುತ್ತದೆ. ಆದ್ದರಿಂದ ಮಗು ನಿನ್ನ ಕಾಲ ಮೇಲೆ ಮಲಗಿ ನೀರು ಹುಯ್ಯಿಸಿಕೊಳ್ಳುವಾಗ ಅದರ ತಾತ ನಂಜನಗೂಡಿನಲ್ಲೇ ಇರುತ್ತಾನೆ. ಅದು ಯಾರ ಹಾಗಿದೆ ಎಂದು ಬೇರೆಯವರ ಬಾಯಿಂದ ಕೇಳಿ ತಿಳಿದುಕೊಳ್ಳುತ್ತಾನೆ. ಎಷ್ಟು ದಿನ ಎಂದು ನಾನು ಕೇಳುವುದಿಲ್ಲ. ಕರೆಯಬೇಕು ಎಂದು ನಿನಗೆ ಅನ್ನಿಸಿದ ದಿನ ಹೇಳಿ ಕಳಿಸು, ಬರುತ್ತೇನೆ.

ಹುಟ್ಟುವ ಕೂಸಿನ ತಲೆ ಮೇಲೆ ನಿನ್ನ ಕೈಯಿರಲಿ, ನಿನ್ನ ಮನೆ ತಣ್ಣಗಿರಲಿ ಎಂದು ಬೇಡುವ,

ನಿನ್ನ ತಮ್ಮ
ರಾಜೇಂದ್ರ
ನಂಜನಗೂಡು